ಎದುರುಗಾಳಿಗೆ ಕೂತು ಕೇರಿದವಳು

ಆಗ ನನಗೆ ಮೂವತ್ತೆಂಟು. ಈಗ ಎಪ್ಪತ್ತು ದಾಟಿದೆ. ನಡುವೆ ಎಷ್ಟು ವರ್ಷ ಹೋದವು ಅಂತ ಬೇಕಾದವರು ಕೂಡಿಸಿ ಕಳೆದುಕೊಳ್ಳಲಿ.

ಕಳೆದ ತಿಂಗಳು ಪಕ್ಕದ ಮನೆಗೆ ಮದುವೆಯಾಗಿ ಬಂದ ಹುಡುಗಿ ನೆನೆಸಿದ ಮೆಂತ್ಯ ಅರೆಯುತ್ತಿದ್ದಳು. ಕೂದಲು ಉದುರುತ್ತದಂತೆ, ತಲೆಗೆ ಹಚ್ಚಿಕೊಳ್ಳಲಿಕ್ಕೆ. ಗೋಡೆ ದಾಟಿ ವಾಸನೆ ಬಂತು. ಕಹಿ, ಒಗರು, ಒಂದಿಷ್ಟು ಲೋಳೆ ಲೋಳೆ ವಾಸನೆ. ನಮ್ಮ ಕಾಲದಲ್ಲಿ ಮೆಂತ್ಯ ಅರೆಯುತ್ತಿದ್ದದ್ದು ತಲೆಗಲ್ಲ, ಮೊರಕ್ಕೆ. ಬಿದಿರಿನ ಸಂದಿಯಲ್ಲಿ ಕಾಳು ಸಿಕ್ಕಿಕೊಳ್ಳಬಾರದು ಅಂತ ಮೆಂತ್ಯವನ್ನೂ ನೆನೆಸಿದ ಹಳೆಯ ಪೇಪರನ್ನೂ ಕೂಡಿಸಿ ಅರೆದು, ಮೊರದ ಒಳಗೂ ಹೊರಗೂ ಬಳಿದು ಬಿಸಿಲಿಗೆ ಇಡುತ್ತಿದ್ದೆವು. ಒಣಗಿದ ಮೇಲೂ ಎಷ್ಟೋ ದಿನ ಆ ವಾಸನೆ ಹೋಗುತ್ತಿರಲಿಲ್ಲ. ಕೇರುವಾಗ ಮುಖಕ್ಕೆ ಬಡಿಯುತ್ತಿತ್ತು.

ಅವತ್ತು ಆ ವಾಸನೆಗೆ ನಾನು ಮಾಡುತ್ತಿದ್ದ ಕೆಲಸ ನಿಂತಿತು. ಏನು ಮಾಡುತ್ತಿದ್ದೆ ಅಂತಲೂ ಈಗ ನೆನಪಿಲ್ಲ... ಅಕ್ಕನ ನೆನಪು ಬಂತು.

ಇದನ್ನು ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಅನ್ನುವ ನಾಚಿಕೆಗಲ್ಲ. ನಾನು ಬರೆಯುವುದು ಆ ಪಕ್ಕದ ಮನೆಯ ಹುಡುಗಿಗೆ ಕಾಣಬಾರದು. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಅಕ್ಕ ನನ್ನ ಸ್ವಂತ ಅಕ್ಕನಲ್ಲ. ದಾವಣಗೆರೆಯಲ್ಲಿ ಚರ್ಚಿನ ಕಾಂಪೌಂಡಿನ ಹಿಂದೆ ನಮ್ಮದೊಂದು ಸಾಲು ಮನೆ. ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳು, ಎದುರಿಗೆ ಕೂರಲಿಕ್ಕೆ ಕಟ್ಟೆ. ಸಾಲಿನ ತುದಿಯ ಮನೆಯಲ್ಲಿ ಅವಳು ಒಬ್ಬಳೇ ಇದ್ದಳು. ಮೂಲ ಹರಿಹರದವಳು. ಮದುವೆಯಾಗಿ ದಾವಣಗೆರೆಗೆ ಬಂದವಳು, ಗಂಡ ಬೇಗ ಹೋದ, ಅವಳು ಉಳಿದಳು. ಕಾಂಪೌಂಡು ಗುಡಿಸುವುದು, ಬೆಂಚು ಒರೆಸುವುದು ಅವಳ ಕೆಲಸ. ಅವಳಿಗೆ ಹೆಸರಿತ್ತು. ಆ ಹೆಸರಿನಿಂದ ಕರೆದವರನ್ನು ನಾನು ನೋಡಿಲ್ಲ. ಎಲ್ಲರಿಗೂ ಅವಳು ಹಿಡಿಯಕ್ಕ.

ಆಗ ನಮ್ಮ ಚರ್ಚಿನ ಸಭೆಯ ಮನೆಗಳಲ್ಲಿ ಒಂದು ಪದ್ಧತಿ ಇತ್ತು. ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ ಅದರಲ್ಲಿ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಗಡಿಗೆಗೆ ಹಾಕುವುದು. ಅದು ದೇವರ ಹಿಡಿ. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದರೆ ಹಿಡಿ ಸಣ್ಣದಾಗಬಹುದು, ತಪ್ಪುವ ಹಾಗಿಲ್ಲ. ಶನಿವಾರ ಶನಿವಾರ ಈ ಅಕ್ಕ ಚೀಲ ಹಿಡಿದು ಮನೆ ಮನೆಗೆ ಬರುತ್ತಿದ್ದಳು. ಭಾನುವಾರ ಆರಾಧನೆಯಲ್ಲಿ ಆ ಚೀಲ ಮುಂದೆ ಇರುತ್ತಿತ್ತು, ಪಾದ್ರಿ ಅಯ್ಯನವರು ಪ್ರಾರ್ಥನೆ ಮಾಡುತ್ತಿದ್ದರು. ಆಮೇಲೆ ಅದು ಕಾಂಪೌಂಡಿನಲ್ಲೇ ಇದ್ದ ಬಡ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಮನೆಗೆ ಹೋಗುತ್ತಿತ್ತು.

ಹೇಳಿದರೆ ಚೆಂದ ಕೇಳಿಸುತ್ತದೆ. ಚೀಲದೊಳಗೆ ನೋಡಿದರೆ ಗೊತ್ತಾಗುತ್ತಿತ್ತು ಜನ ಎಂಥವರು ಅಂತ. ಕೆಲವರು ತಾವು ಉಣ್ಣುವ ಅಕ್ಕಿಯನ್ನೇ ಹಾಕುತ್ತಿದ್ದರು. ಕೆಲವರು ತಮಗೆ ಸಣ್ಣಕ್ಕಿ, ದೇವರಿಗೆ ರೇಷನ್ನಿನ ದಪ್ಪಕ್ಕಿ. ನುಸಿ, ಹರಳು, ಇಲಿಹಿಕ್ಕೆ, ಎಲ್ಲ ಅದರಲ್ಲಿ. ಅದನ್ನೆತ್ತಿ ತೋರಿಸಿ ಅಕ್ಕ ಒಂದೇ ಮಾತು ಹೇಳುತ್ತಿದ್ದಳು.

"ದೇವ್ರಿಗೆ ಹಲ್ಲಿಲ್ಲ ಅಂತ ತಿಳ್ಕಂಡಾರೆ."

ಅಕ್ಕ ನನ್ನ ಮನೆಯ ಕಟ್ಟೆಗೆ ಬಂದು ಕೂತದ್ದು ನನ್ನ ಗಂಡ ಸತ್ತ ಮೇಲೆ. ಅವನು ಹತ್ತಿ ಮಿಲ್ಲಿನಲ್ಲಿದ್ದವನು. ಮಿಲ್ಲು ನಿಂತ ಮೇಲೆ ಸಿಕ್ಕಿದ ಕೆಲಸ ಮಾಡಿದ. ಕೆಮ್ಮು ಹತ್ತಿತು, ಬಿಡಲಿಲ್ಲ. ಮಕ್ಕಳಿರಲಿಲ್ಲ. ಮಣ್ಣು ಮಾಡಿ ಬಂದ ಜನ ಚಹಾ ಕುಡಿದು ಹೋದರು. ಆಮೇಲೆ ಮನೆಯಲ್ಲಿ ನಾನು, ಒಂದು ಮಂಚ, ಒಂದು ಟ್ರಂಕು, ಪಾತ್ರೆ ಪಗಡಿ.

ಒಬ್ಬಳಿಗೆ ಅನ್ನ ಮಾಡುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಅಳತೆಯೇ ಸಿಗುತ್ತಿರಲಿಲ್ಲ. ಹೆಚ್ಚಾಗುತ್ತಿತ್ತು, ಮರುದಿನ ಅದನ್ನೇ ತಿನ್ನುತ್ತಿದ್ದೆ. ದೇವರ ಹಿಡಿಯ ಗಡಿಗೆಯನ್ನು ತೊಳೆದು ಬೋರಲು ಹಾಕಿಬಿಟ್ಟೆ.

ತವರು ಆನಗೋಡು. ನಮ್ಮಪ್ಪನ ಕಾಲಕ್ಕೆ ಸಭೆಗೆ ಸೇರಿದ ಮನೆ ನಮ್ಮದು, ಹೊಲ ಇತ್ತು. ಅಪ್ಪ ಅವ್ವ ಹೋಗಿದ್ದರು, ಅಣ್ಣ ಇದ್ದ. ಶೇಂಗಾ ಮಾರಲಿಕ್ಕೆ ಟ್ರ್ಯಾಕ್ಟರ್ ದಾವಣಗೆರೆಗೆ ಬರುತ್ತದೆ, ವಾಪಸು ಹೋಗುವಾಗ ನಿನ್ನ ಸಾಮಾನು ಹಾಕಿಕೊಂಡು ಹೋಗೋಣ, ಬಂದುಬಿಡು ಅಂದ. ಅಣ್ಣ ಕೆಟ್ಟವನಲ್ಲ. ಆದರೆ ಆ ಮನೆಯಲ್ಲಿ ನನ್ನ ಜಾಗ ಯಾವುದು ಅಂತ ನನಗೆ ಗೊತ್ತಿತ್ತು. ಅತ್ತಿಗೆಯ ಒಲೆಯ ಹಿಂದೆ. ಕರೆದಾಗ ಏಳುವುದು, ಎಲ್ಲರದೂ ಆದ ಮೇಲೆ ಉಣ್ಣುವುದು, ಸಾಯುವವರೆಗೆ. ಆದರೂ ಹೋಗೋಣ ಅಂತ ನಿಶ್ಚಯ ಮಾಡಿದ್ದೆ. ಇಲ್ಲಿದ್ದು ಯಾರಿಗೇನು? ಹೆಚ್ಚು ಓದಿಲ್ಲ, ಹೊಲಿಗೆ ಬರುವುದಿಲ್ಲ, ಮಕ್ಕಳಿಲ್ಲ. ಯಾವುದಕ್ಕೂ ಬಾರದ ಹೆಂಗಸು ನಾನು ಅಂತ ನನಗೆ ನಾನೇ ಹೇಳಿಕೊಂಡಾಗಿತ್ತು.

ಆ ಶನಿವಾರ ಅಕ್ಕ ಬಾಗಿಲಿಗೆ ಬಂದಳು.

"ಹಿಡಿ ಐತೇನು ತಂಗೀ?"

"ಇಲ್ಲ. ಈ ಮನ್ಯಾಗಿಂದು ಆಗ್ಲೇ ಒಯ್ದಾನೆ ಅಂತ ಹೇಳು ನಿನ್ನ ದೇವ್ರಿಗೆ."

ಅವಳು ಸಮಾಧಾನ ಹೇಳಲಿಲ್ಲ. ಬೇರೆಯವರಾಗಿದ್ದರೆ ಅಲ್ಲೇ ಕೂತು ಪ್ರಾರ್ಥನೆ ಶುರು ಮಾಡುತ್ತಿದ್ದರು. ಇವಳು ಬಗ್ಗಿ ಒಳಗೆ ನೋಡಿದಳು.

"ಹೋಗ್ಲಿ, ಮೊರ ಐತಲ್ಲ, ಅದನ್ನಾದ್ರೂ ಕೊಡು. ಹಾಸ್ಟೆಲ್ಲಿನ ಮೇಡಮ್ಮು ಬೈದಾರೆ. ಇನ್ನೊಂದು ಸಲ ಅನ್ನದಾಗೆ ಕಲ್ಲು ಬಂದ್ರೆ ಈ ಅಕ್ಕಿನ ಕೋಳಿಯವ್ನಿಗೆ ಹಾಕ್ತೀನಿ ಅಂದಾರೆ."

ಮೊರ ಕೊಟ್ಟು ಬಾಗಿಲು ಹಾಕಿಕೊಂಡೆ. ಅವಳು ನನ್ನ ಕಟ್ಟೆಯ ಮೇಲೇ ಕೂತಳು. ಒಳಗೆ ಮಂಚದ ಮೇಲೆ ಬಿದ್ದುಕೊಂಡ ನನಗೆ ಮೊರದ ಸದ್ದು ಕೇಳುತ್ತಿತ್ತು. ಕೇರುವ ಸದ್ದಿಗೆ ಒಂದು ಲೆಕ್ಕ ಇರುತ್ತದೆ. ತಟ್, ತಟ್, ಸರ್ ಅಂತ ಒಂದೇ ಸಮ ಬರಬೇಕು. ಇದು ತಟ್ ಅಂದರೆ ಸರ್ ಇಲ್ಲ, ಸರ್ ಅಂದರೆ ಕಾಳು ನೆಲಕ್ಕೆ ಬಿದ್ದ ಸದ್ದು. ಹಲ್ಲಿಗೆ ಮರಳು ಸಿಕ್ಕಿದ ಹಾಗಾಯಿತು ನನಗೆ. ಕಿವಿ ಮುಚ್ಚಿಕೊಂಡೆ. ಆಗಲಿಲ್ಲ. ಎದ್ದು ಹೊರಗೆ ಬಂದೆ.

ಗಾಳಿಗೆ ಮುಖ ಕೊಟ್ಟು ಕೂತಿದ್ದಳು! ಕೇರುವವರು ಯಾರಾದರೂ ಗಾಳಿಗೆ ಬೆನ್ನು ಕೊಟ್ಟು ಕೂರುತ್ತಾರೆ, ತೌಡು ಮುಂದಕ್ಕೆ ಹಾರಿಹೋಗಲಿ ಅಂತ. ಇವಳ ತೌಡೆಲ್ಲ ಇವಳ ಮುಖಕ್ಕೇ ಬರುತ್ತಿತ್ತು. ಹುಬ್ಬು, ರೆಪ್ಪೆ ಎಲ್ಲ ಬೂದಿ ಬಳಿದ ಹಾಗೆ. ಮೊರ ಎತ್ತಿ ಹಾರಿಸಿದರೆ ಅಕ್ಕಿ ಆಚೆ, ಹರಳು ಒಳಗೆ. ಎಲ್ಲಿಂದಲೋ ಕೋಳಿಗಳು ಬಂದು ಸುತ್ತ ನಿಂತಿದ್ದವು.

"ಕೇರೋದು ಹಿಂಗೇನಕ್ಕ? ಯಾರು ಕಲಿಸಿದ್ರು ನಿನಗೆ? ಇತ್ತ ಕೊಡು."

"ನೀನ್ಯಾಕ ಎದ್ದು ಬಂದೆ, ಮಲಕ್ಕ ಹೋಗು" ಅಂದಳು. ಮೊರ ಮಾತ್ರ ಕೊಟ್ಟಳು.

ನಾನು ತಿರುಗಿ ಕೂತೆ, ಗಾಳಿಗೆ ಬೆನ್ನು ಮಾಡಿ. ಮೆಂತ್ಯದ ವಾಸನೆ ಮುಖಕ್ಕೆ ಬಂತು. ಗಂಡ ಇದ್ದಾಗ ಬಳಿದ ಮೊರ ಅದು. ಎಷ್ಟೋ ದಿನದ ಮೇಲೆ ಕೈಗಳು ತಮ್ಮಷ್ಟಕ್ಕೆ ತಾವು ಆಡಿದವು. ನಮ್ಮವ್ವ ಕಣದಲ್ಲಿ ಕೂರಿಸಿಕೊಂಡು ಕಲಿಸಿದ್ದು. ಮೊರವನ್ನು ಓರೆ ಮಾಡಿ ಒಂದು ಬದಿಗೆ ಮೆಲ್ಲಗೆ ತಟ್ಟುತ್ತ ಬಂದರೆ ಹರಳು ತಾನೇ ಮೂಲೆಗೆ ಸರಿದು ನಿಲ್ಲುತ್ತದೆ, ಒನೆಯುವುದು ಅಂತೀವಿ ಅದಕ್ಕೆ. ಚೀಲ ಮುಗಿಯುವವರೆಗೆ ಅಕ್ಕ ಕೋಳಿ ಓಡಿಸುತ್ತ ಕೂತಿದ್ದಳು. ಏಳುವಾಗ ಸೆರಗಿಗೆ ಮುಖ ಒರೆಸಿಕೊಂಡು, "ಮುಂದಿನ ವಾರ ಮೊರ ಇರ್ತೈತಲ್ಲ?" ಅಂದಳು. ಆನಗೋಡಿಗೆ ಹೋಗುತ್ತೇನೆ ಅಂತ ಹೇಳಿದೆ. "ಹೋಗೋವರೆಗೂ ಇರ್ಲಿ" ಅಂದಳು.

ಮುಂದಿನ ಶನಿವಾರವೂ ಬಂದಳು. ಅದರ ಮುಂದಿನದೂ. ಪ್ರತಿ ಸಲ ಮೊದಲು ತಾನೇ ಮೊರ ಹಿಡಿದು ಕೂರುವುದು, ಅದೇ ಎದುರುಗಾಳಿಗೆ. ನಾನು ಹೊರಗೆ ಬಂದು ಬೈಯುವುದು, ಕಿತ್ತುಕೊಳ್ಳುವುದು. ಸಾಲುಮನೆಯ ಹೆಂಗಸರಿಗೆ ಅದೊಂದು ನಾಟಕವಾಯಿತು. ಹಿಡಿಯಕ್ಕ ಮೊರ ಹಿಡಿದರೆ ಕೋಳಿಗಳಿಗೆ ಕ್ರಿಸ್ಮಸ್ಸು ಅಂತ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಅಣ್ಣ ಟ್ರ್ಯಾಕ್ಟರ್ ತಂದದ್ದೂ ಒಂದು ಶನಿವಾರವೇ. ಶೇಂಗಾ ಇಳಿಸಿ, ಖಾಲಿ ಟ್ರೇಲರ್ ತಂದು ಓಣಿಯ ಬಾಯಿಗೆ ನಿಲ್ಲಿಸಿದ. ನನ್ನ ಟ್ರಂಕು ಕಟ್ಟಿಟ್ಟಿತ್ತು. ನಾನು ಕಟ್ಟೆಯ ಮೇಲೆ ಕೇರುತ್ತಿದ್ದೆ.

"ಏಳವ್ವ, ಸಾಮಾನು ಏರ್ಸಾನ. ಹೊತ್ತಾದ್ರೆ ದಾರ್ಯಾಗೆ ಲಾರಿ ಕಾಟ."

"ತಡಿಯಣ್ಣ, ಇದೊಂದು ಚೀಲ ಆಗ್ಲಿ."

"ಅಲ್ಲೇನು ಕೇರಾಕೆ ಬರ ಐತೇನು? ನಿಮ್ಮತ್ತಿಗೆ ಒಬ್ಬಾಕೆ ಸಾಯ್ತಾಳೆ ಮನ್ಯಾಗೆ. ಬಾ, ದಿನಾ ಕೇರೀವಂತೆ."

ನಾನು ಅಕ್ಕನ ಮುಖ ನೋಡಿದೆ. ಬೇಡ ಹೋಗಬೇಡ ಅನ್ನುತ್ತಾಳೇನೋ ಅಂತ. ಅವಳು ಅಂಥದ್ದೇನೂ ಅನ್ನಲಿಲ್ಲ.

"ಕರ್ಕಂಡು ಹೋಗ್ರಿ ಅಣ್ಣಾರೆ. ಒಡಹುಟ್ಟಿದವರು ಕರೀತೀರಿ, ಬ್ಯಾಡ ಅನ್ನಾಕೆ ನಾನ್ಯಾರು? ಮೊರ ಒಂದು ಇಲ್ಲೇ ಬಿಟ್ಟು ಹೋಗ್ಲಿ. ನಾನೇ ಹೆಂಗೋ ಕೇರ್ಕಂತೀನಿ."

ಅಂದವಳೇ ನನ್ನ ಕೈಯ ಮೊರ ತೆಗೆದುಕೊಂಡು, ಅಣ್ಣನ ಎದುರಿಗೇ ಕೂತು, ಎತ್ತಿ ಹಾರಿಸಿದಳು. ಅಂಥ ಕೇರುವುದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅರ್ಧ ಮೊರ ಅಕ್ಕಿ ಅಣ್ಣನ ಕಾಲ ಮೇಲೆ ಬಿತ್ತು. ತೌಡು ಅವನ ಕಣ್ಣಿಗೆ ಹೋಯಿತು. ಕೋಳಿಗಳು ಅವನ ಚಪ್ಪಲಿಯ ಬೆರಳ ಸಂದಿ ಕುಕ್ಕತೊಡಗಿದವು. ಅವನು ಕಣ್ಣು ತಿಕ್ಕುತ್ತ, ಒಂದು ಕಾಲು ಎತ್ತಿ ಕುಣಿಯುತ್ತ, "ಲೇ, ಈಯಮ್ಮನ ಕೈಗೆ ಮೊರ ಕೊಟ್ರೆ ಆ ಹುಡುಗೀರು ಉಪಾಸ ಸಾಯ್ತಾವಲ್ಲೇ!" ಅಂದ. ನನಗೆ ನಗು ಬಂತು. ಗಂಡ ಸತ್ತ ಮೇಲೆ ಅದೇ ಮೊದಲು. ನಕ್ಕು ಮೊರ ಕಿತ್ತುಕೊಂಡೆ.

"ನಾ ಬರಲ್ಲಣ್ಣ" ಅಂದೆ.

ಯೋಚನೆ ಮಾಡಿ ಅಂದದ್ದಲ್ಲ. ಬಾಯಿಂದ ಬಂತು. ಅಣ್ಣ ಚಹಾ ಕುಡಿದ. ಟ್ರೇಲರ್ ಖಾಲಿಯೇ ಹೋಯಿತು. ಅಕ್ಕ ನೆಲದ ಮೇಲಿನ ಅಕ್ಕಿಯನ್ನು ಒಂದೊಂದೇ ಕಾಳು ಆರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ಆಮೇಲೆ ನನ್ನ ಜೀವನ ಅದೇ ಮೊರದಿಂದ ನಡೆಯಿತು ಅಂದರೆ ಸುಳ್ಳಲ್ಲ. ಪಿ.ಜೆ. ಬಡಾವಣೆಯ ದೊಡ್ಡ ಮನೆಗಳವರು ಆಗ ವರ್ಷದ ಅಕ್ಕಿ, ತೊಗರಿ, ಜೋಳ ಎಲ್ಲ ಒಂದೇ ಸಲ ತರಿಸುತ್ತಿದ್ದರು. ಅದನ್ನು ಹಸನು ಮಾಡಲಿಕ್ಕೆ ಹೆಂಗಸರು ಬೇಕು. ಅಕ್ಕ ಯಾರ ಯಾರ ಮನೆಯ ಹಿತ್ತಲ ಬಾಗಿಲಿಗೆ ಹೋಗಿ ಏನೇನು ಹೇಳಿದ್ದಳೋ, ನನ್ನನ್ನು ಹುಡುಕಿಕೊಂಡು ಬಂದರು. ಒಂದು ಮನೆಯಿಂದ ಇನ್ನೊಂದು ಮನೆ. ಸುಗ್ಗಿಯಾದ ಮೇಲೆ ನನಗೆ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಹಿಡಿಯ ಗಡಿಗೆ ಮತ್ತೆ ಒಲೆಯ ಪಕ್ಕಕ್ಕೆ ಬಂತು. ಯಾವಾಗ ಎತ್ತಿಟ್ಟೆ ಅಂತ ನೆನಪಿಲ್ಲ... ಎತ್ತಿಟ್ಟಿದ್ದೆ. ಶನಿವಾರ ಮಾತ್ರ ಯಾರು ಕರೆದರೂ ಹೋಗುತ್ತಿರಲಿಲ್ಲ. ಅದು ಚೀಲದ ದಿನ. ಹಾಸ್ಟೆಲ್ಲಿನ ಮೇಡಂ ಮತ್ತೆ ಕಲ್ಲಿನ ಮಾತು ಎತ್ತಲಿಲ್ಲ.

ಒಂದು ವರ್ಷ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಅಯ್ಯನವರು ಬೈಬಲಿನ ಆ ಮೂರು ಆಳುಗಳ ಕತೆ ಹೇಳಿದರು. ಒಡೆಯ ಪರದೇಶಕ್ಕೆ ಹೋಗುವಾಗ ಆಳುಗಳ ಕೈಗೆ ಹಣ ಕೊಟ್ಟು ಹೋದದ್ದು, ಇಬ್ಬರು ಅದನ್ನು ದುಡಿಸಿದ್ದು, ಒಬ್ಬ ಮಣ್ಣಲ್ಲಿ ಹೂತಿಟ್ಟು ಬೈಸಿಕೊಂಡದ್ದು. ದೇವರು ಎಲ್ಲರಿಗೂ ಏನಾದರೊಂದು ಕೊಟ್ಟಿರುತ್ತಾನೆ, ಹೂತಿಡಬೇಡಿ ಅಂದರು. ಮನೆಗೆ ಬರುತ್ತ ನಾನು ಅಕ್ಕನನ್ನು ಕೆಣಕಿದೆ.

"ನಿನಗೇನು ಕೊಟ್ಟಾನಕ್ಕ? ಕೈ ಅಂತೂ ಕೊಡೋದು ಮರ್ತಾನೆ."

"ಕಾಲು ಕೊಟ್ಟಾನಲ್ಲ ತಂಗೀ. ಬೀದಿ ತಿರುಗಾಕೆ."

ಹಬ್ಬಕ್ಕೆ ಬಂದ ಕಾಣಿಕೆಗಳ ಹರಾಜಿನಲ್ಲಿ ಕೊಂಡ ಕುಂಬಳಕಾಯಿ ಅವಳ ಬಗಲಲ್ಲಿತ್ತು. ಅದನ್ನು ಆ ಬಗಲಿನಿಂದ ಈ ಬಗಲಿಗೆ ಮಾಡಿಕೊಂಡು ಮುಂದೆ ನಡೆದಳು. ಆ ಮಾತು ನಮ್ಮಿಬ್ಬರ ನಡುವೆ ಹಾಗೇ ಉಳಿಯಿತು. ಕೈಯಿಂದ ಲೋಟ ಜಾರಲಿ, ಸೂಜಿಗೆ ದಾರ ಹೋಗದಿರಲಿ, ದೇವರು ನಿನಗೆ ಕೈ ಕೊಡೋದು ಮರ್ತಾನೆ ಅನ್ನುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳು.

ವರ್ಷಗಳು ಹೋದವು. ಅಂಗಡಿಗೆ ಮೆಷಿನ್ನಿನಲ್ಲಿ ಹಸನಾದ ಅಕ್ಕಿ ಬಂತು, ಹೊಳೆಯುವ ಚೀಲದಲ್ಲಿ. ಅದರಲ್ಲಿ ಹರಳೂ ಇಲ್ಲ, ತೌಡೂ ಇಲ್ಲ. ಪಿ.ಜೆ. ಬಡಾವಣೆಯ ಮನೆಗಳು ಒಂದೊಂದೇ ನನ್ನನ್ನು ಕರೆಯುವುದು ಬಿಟ್ಟವು. ಹಾಸ್ಟೆಲ್ಲು ಮುಚ್ಚಿತು. ಸಭೆಯಲ್ಲಿ ದೇವರ ಹಿಡಿಯ ಬದಲು ದುಡ್ಡು ಹಾಕಲಿಕ್ಕೆ ಕವರು ಕೊಟ್ಟರು. ಈಗ ಬಾಗಿಲ ಹತ್ತಿರ ಒಂದು ಚೌಕದ ಚಿತ್ರ ಅಂಟಿಸಿದ್ದಾರೆ, ಫೋನು ತೋರಿಸಿದರೆ ಕಾಣಿಕೆ ಹೋಗುತ್ತದಂತೆ. ತಪ್ಪು ಅನ್ನುವುದಿಲ್ಲ. ಅದಕ್ಕೆ ಯಾರೂ ಕೇರಬೇಕಾಗಿಲ್ಲ, ಅಷ್ಟೇ.

ಅಕ್ಕನ ಮೊಣಕಾಲು ಹೋದವು. ಹರಿಹರದಲ್ಲಿ ಅವಳ ತಂಗಿ ಇದ್ದಳು, ಬಂದು ಕರೆದುಕೊಂಡು ಹೋದಳು. ಹೋಗುವಾಗ ಅಕ್ಕ ನನ್ನ ಮೊರ ಕೇಳಿದಳು.

"ನಿನಗ್ಯಾಕ ಮೊರ? ಅಲ್ಲಿನ ಕೋಳಿಗೂ ಹಾಕಾಕೇನು?"

"ಇರ್ಲಿ ಕೊಡು. ನಿನ್ನ ಬೈಗಳ ಕೇಳ್ದಂಗೆ ಆಗ್ತೈತೆ."

ಕೊಟ್ಟೆ. ಆಗಾಗ ಬಸ್ಸು ಹತ್ತಿ ಹೋಗುತ್ತಿದ್ದೆ, ಹರಿಹರ ದೂರವೇನಲ್ಲ. ಹೊಳೆಯ ಕಡೆಯ ಒಂದು ಓಣಿ. ಬಾಗಿಲಲ್ಲಿ ಕೂತಿರುತ್ತಿದ್ದಳು. ಮೊರ ಗೋಡೆಯ ಮೊಳೆಗೆ ತೂಗುತ್ತಿತ್ತು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಯಾರು ಸತ್ತರು, ಯಾರ ಮನೆ ಮಾರಿದರು, ಅಷ್ಟೇ. ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಅವಳು ಹೋದಳು. ಹರಿಹರದಲ್ಲೇ ಮಣ್ಣು ಮಾಡಿದರು. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಒದ್ದೆ ಮಣ್ಣು, ಕೈಗೆ ಅಂಟಿಕೊಂಡಿತು. ತೊಳೆದುಕೊಂಡು ಬಂದೆ.

ಅವಳ ತಂಗಿ ಅಂದೇ ಹೇಳಿದ್ದಳು, ನಿಮ್ಮ ಮೊರ ಐತೆ, ಒಯ್ರಿ ಅಂತ. ಆಮೇಲೆ ನೋಡೋಣ ಅಂದಿದ್ದೆ. ನನಗೆ ಮೊರದಿಂದ ಆಗಬೇಕಾದದ್ದೇನು? ಹಾಗೇ ದಿನ ಹೋದವು. ಕಳೆದ ತಿಂಗಳು ಆ ಮೆಂತ್ಯದ ವಾಸನೆ ಬರುವವರೆಗೆ.

ವಾಸನೆ ಬಂದ ಎರಡನೆಯ ದಿನ ಹರಿಹರಕ್ಕೆ ಹೋದೆ. ತಂಗಿ ಮೊರ ತಂದು ಕೈಗೆ ಕೊಟ್ಟಳು. ನೋಡಿದೆ. ನಾನು ಕೊಟ್ಟಾಗ ಬಳಿದಿದ್ದ ಮೆಂತ್ಯ ಎಲ್ಲ ಸವೆದು ಹೋಗಿತ್ತು. ಮತ್ತೆ ಬಳಿದದ್ದೂ ಸವೆದಿತ್ತು. ಅಂಚಿನಲ್ಲಿ ಬಿದಿರು ನುಣ್ಣಗೆ ಹೊಳೆಯುತ್ತಿತ್ತು.

"ಮೊಳೆಗೆ ತೂಗಿದ್ದ ಮೊರ ಇಷ್ಟು ಹೆಂಗೆ ಸವೀತು?" ಅಂತ ಕೇಳಿದೆ.

"ತೂಗಿದ್ದೇ? ಓಣಿಯವ್ರೆಲ್ಲ ಇವಳ ಮುಂದೇ ತಂದು ಸುರೀತಿದ್ರಲ್ರೀ. ಗದ್ದೆ ಇದ್ದೋರು ಅದಾರಲ್ಲ, ಗಿರಣಿಯಿಂದ ಹಂಗೇ ತರ್ತಾರೆ. ಮಂಡಿ ಹೋಗಿತ್ತು, ಕೈ ಹೋಗಿರ್ಲಿಲ್ಲ ನಮ್ಮಕ್ಕಂದು. ನೀವು ಬರ್ತೀರಿ ಅಂದ ದಿನ ಮಾತ್ರ ಮೊಳೆಗೆ ಸಿಗಿಸ್ತಿದ್ಲು. ಯಾಕ ಅಂದ್ರೆ ಹೇಳ್ತಿರ್ಲಿಲ್ಲ."

"ಯಾರ ಮಾತು ಹೇಳ್ತೀಯ ನೀನು? ಅವಳಿಗೆಲ್ಲಿ ಕೇರಾಕೆ ಬರ್ತಿತ್ತು?"

ಆ ಮುದುಕಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು.

"ಬರ್ತಿರ್ಲಿಲ್ಲ ಅಂತೀರಲ್ಲ! ಲಂಗ ಉಡೋ ವಯಸ್ಸಿನಿಂದ ಅಕ್ಕಿ ಗಿರಣಿಗೆ ಕೇರಾಕೆ ಹೋಗ್ತಿದ್ಲು. ಅವ್ವನ ಜೊತಿಗೆ. ಸಾವ್ಕಾರ ಬ್ಯಾರೆ ಹೆಣ್ಮಕ್ಳಿಗೆ, ಈ ಹುಡುಗಿ ಕೈ ನೋಡಿ ಕಲೀರೇ ಅಂತಿದ್ದ."

"ಎದುರುಗಾಳಿಗೆ ಕೂತು ಕೇರ್ತಿದ್ಲು ನನ್ನ ಕಟ್ಟೆ ಮ್ಯಾಲೆ. ನಾನೇ ನೋಡೀನಿ."

"ಎದುರುಗಾಳಿಗೆ ಯಾರಾನ ಕೇರ್ತಾರೇನ್ರೀ?" ಅಂದಳು. ನನ್ನ ಕೈ ನೋಡಿ, "ಅಲ್ಲೊಬ್ಬಾಕಿ ಅದಾಳೆ, ಹರಳು ಅವಳ ಮಾತು ಕೇಳ್ತಾವೆ ಅಂತಿದ್ಲು. ನೀವೇ ಏನು?" ಅಂದಳು.

ಮೊರವನ್ನು ಬಗಲಿಗೆ ಸಿಕ್ಕಿಸಿಕೊಂಡು ಬಸ್ಸಿಗೆ ಬಂದೆ. ಕಂಡಕ್ಟರು, ಅಜ್ಜಿ ಅದಕ್ಕೂ ಟಿಕೆಟ್ಟು ತಗಾ ಅಂತ ತಮಾಷೆ ಮಾಡಿದ.

ಮೊದಲು ಬಂದದ್ದು ಸಿಟ್ಟು. ಅಷ್ಟು ವರ್ಷ ಶನಿವಾರ ಶನಿವಾರ ನನ್ನ ಮುಂದೆ ಆಟ ಕಟ್ಟಿದಳಲ್ಲ ಅಂತ. ಓಣಿಯ ಹೆಂಗಸರು ನಕ್ಕರು, ಅಣ್ಣ ನಕ್ಕ, ಕೈ ಕೊಡೋದು ಮರ್ತಾನೆ ಅಂತ ನಾನು ಅಂದೆ. ಎಲ್ಲದಕ್ಕೂ ಹೂಂ ಅಂದಳು. ಕಲ್ಲಿನ ದೂರು ಬಂದಾಗ ತಾನೇ ಒಂದು ಗಳಿಗೆಯಲ್ಲಿ ಕೇರಿ ಬಿಸಾಕಬಹುದಿತ್ತು. ಹಾಗೆ ಮಾಡಿದ್ದರೆ ನಾನು ಆ ಮಂಚದಿಂದ ಏಳುತ್ತಿರಲಿಲ್ಲ. ಇಷ್ಟು ಹೊತ್ತಿಗೆ ಆನಗೋಡಿನಲ್ಲಿ ಯಾರದೋ ಒಲೆಯ ಹಿಂದೆ ಸತ್ತು ಹೋಗಿರುತ್ತಿದ್ದೆ.

ಆ ಕತೆಯ ಆಳು ಕೊಟ್ಟದ್ದನ್ನು ಹೂತಿಟ್ಟು ಬೈಸಿಕೊಂಡ. ಇವಳೂ ಹೂತಳು, ನನ್ನ ಕಟ್ಟೆಯಲ್ಲಿ. ಅವನು ಹೆದರಿ ಹೂತ. ಇವಳು ನನ್ನದು ಮೇಲೆ ಬರಲಿ ಅಂತ ಹೂತಳು. ಒಡೆಯ ಲೆಕ್ಕ ಕೇಳಿದಾಗ ಇವಳಿಗೆ ಏನಂದನೋ ನನಗೆ ಗೊತ್ತಿಲ್ಲ. ಅಯ್ಯನವರನ್ನು ಕೇಳಬಹುದು. ಕೇಳಿದರೆ ಅವರು ದೊಡ್ಡದಾಗಿ ಹೇಳುತ್ತಾರೆ, ಅದಕ್ಕೆ ಕೇಳಿಲ್ಲ.

ಬಸ್ಸು ಇಳಿದು ಬರುತ್ತ ಅವಳನ್ನು ಬೈಯಬೇಕು ಅನ್ನಿಸಿತು. ಬಾಯಿ ತುಂಬ, ಓಣಿಗೆಲ್ಲ ಕೇಳುವ ಹಾಗೆ. ಸಾಲಿನ ತುದಿಯ ಅವಳ ಮನೆಗೆ ಈಗ ಬೇರೆ ಯಾರೋ ಬೀಗ ಹಾಕಿದ್ದಾರೆ. ಸಾಲಿನಲ್ಲಿ ಆಗಿನವರು ಅಂತ ಉಳಿದದ್ದು ನಾನೊಬ್ಬಳೇ. ಹಿಡಿಯಕ್ಕ ಅಂದರೆ ಯಾರು ಅಂತ ಕೇಳುವವರು ಕೂಡ ಇಲ್ಲ. ಮೊರವನ್ನು ಮೊಳೆಗೆ ಸಿಗಿಸಿ, ಉಣ್ಣದೆ ಮಲಗಿದೆ.

ಪಕ್ಕದ ಮನೆಯಲ್ಲೂ ಸದ್ದಿರಲಿಲ್ಲ. ಹಣೆಗೆ ವಿಭೂತಿ ಇಡುವ ಮಂದಿ ಅವರು. ಹುಡುಗ ಇಲ್ಲೇ ಊರಂಚಿನ ಕರೂರಿನ ಫ್ಯಾಕ್ಟರಿಗೆ ಹೋಗುತ್ತಾನೆ, ಬೆಳಿಗ್ಗೆ ಹೋದರೆ ಕತ್ತಲಿಗೆ. ಹುಡುಗಿ ಮದುವೆಯಾಗಿ ಬಂದು ವರ್ಷವಾಗುತ್ತ ಬಂತು, ಬಾಗಿಲು ತೆರೆಯುವುದು ಹಾಲಿಗೆ, ಕಸಕ್ಕೆ. ಕಾಲೇಜು ಓದಿದವಳಂತೆ. ನನಗೆ ಅವಳ ಬಗ್ಗೆ ಗೊತ್ತಿದ್ದದ್ದು ಇನ್ನೊಂದೇ. ಅವರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಇಲ್ಲಿ ಕಸ ಹಾಕಬೇಡಿ' ಅಂತ ಬರೆದಿದ್ದಳು. ಜನ ಅಲ್ಲೇ ಕಸ ಹಾಕುತ್ತಾರೆ. ಆದರೆ ಆ ಅಕ್ಷರ ನೋಡಬೇಕು, ಮುತ್ತು ಪೋಣಿಸಿದ ಹಾಗೆ. ಹೋಗುತ್ತ ಬರುತ್ತ ನಾನು ನಿಂತು ಓದುತ್ತಿದ್ದೆ, ಓದಿದ್ದನ್ನೇ.

ನಮ್ಮ ಸಭೆಯ ಮಹಿಳಾ ಕೂಟದವರು ನನ್ನ ಬಾಯಲ್ಲಿರುವ ಹಳೆಯ ಹಾಡುಗಳನ್ನು ಬರೆದು ಕೊಡಿ ಅಂತ ಎಷ್ಟೋ ತಿಂಗಳಿಂದ ಕೇಳುತ್ತಿದ್ದರು. ನಾನು ನಿಧಾನವಾದರೂ ಬರೆಯುತ್ತೇನೆ, ಇದನ್ನು ಬರೆಯುತ್ತಿಲ್ಲವೆ? ಸೋಮಾರಿತನಕ್ಕೆ ಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಎದ್ದು, ಡಬ್ಬದಿಂದ ಒಂದು ಪಾವು ಅಕ್ಕಿಯನ್ನು ಮೊರಕ್ಕೆ ಹಾಕಿ ಕೇರಿದೆ. ಪ್ಯಾಕೆಟ್ಟಿನ ಅಕ್ಕಿ, ಏನೂ ಹಾರಲಿಲ್ಲ. ಡಬ್ಬಕ್ಕೆ ವಾಪಸು ಸುರಿದೆ. ಕನ್ನಡಕ ತೆಗೆದು, ಬಟ್ಟೆಯಲ್ಲಿ ಸುತ್ತಿ, ಅಕ್ಕಿಯೊಳಗೆ ಮೊಣಕೈತನಕ ಕೈ ಇಳಿಸಿ ಹೂತೆ. ಮುಚ್ಚಳ ಹಾಕಿದೆ. ಒಂದು ಹಾಳೆ, ಒಂದು ಪೆನ್ನು ಹಿಡಿದುಕೊಂಡು ಹೋಗಿ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು, ಹಾಡನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ, ಪೆನ್ನನ್ನು ಮುಷ್ಟಿಯಲ್ಲಿ ಸೌಟು ಹಿಡಿದ ಹಾಗೆ ಹಿಡಿದು ಗೀಚತೊಡಗಿದೆ. ಬಾಗಿಲು ತೆರೆಯಿತು. ಹುಡುಗಿ ಹೊಸ್ತಿಲಲ್ಲಿ ನಿಂತಳು. ನಾನು ತಲೆ ಎತ್ತಲಿಲ್ಲ. ಹಾಳೆ ಹರಿಯುವ ಹಾಗೆ ಇನ್ನೊಂದು ಸಾಲು ಎಳೆದೆ.

"ಅಯ್ಯೋ ಅಜ್ಜಿ, ಬರೆಯೋದು ಹಿಂಗೇನ್ರೀ?" ಅಂದಳು. "ಇತ್ತ ಕೊಡ್ರಿ."